ಟೀಚರಮ್ಮ ನಮ್ಮ ಹಿತ್ತಲಿಗೆ ತಂದ ಕೋಳಿ

ಕಳೆದ ವಾರ ಬ್ಲೌಸಿಗೆ ಹುಕ್ಕು ಹುಡುಕುತ್ತಾ ಹೊಲಿಗೆ ಡಬ್ಬಿಯನ್ನು ಮಂಚದ ಮೇಲೆ ಸುರಿದೆ. ದಾರದ ಉಂಡೆಗಳ ಅಡಿಯಿಂದ ಅಂಗೈಯಗಲದ ನೀಲಿ ಬಟ್ಟೆಯ ತುಂಡೊಂದು ಈಚೆ ಬಂತು. ದಪ್ಪ ಬಟ್ಟೆ, ಮೇಲೆ ಹಳದಿ ಹೂವು, ಒಂದು ಅಂಚಿಗೆ ಒತ್ತೊತ್ತಾಗಿ ಹಾಕಿದ ಎರಡು ಸಾಲು ಹೊಲಿಗೆ. ಹಳ್ಳಿಯಲ್ಲಿದ್ದಾಗ ನಮ್ಮ ನಡುಮನೆಗೆ ಹಾಕಿದ್ದ ಪರದೆಯದು. ಆ ಪರದೆಯನ್ನು ನಾನು ಕತ್ತರಿಸಿದ್ದು ಟೀಚರಮ್ಮನಿಗಾಗಿ... ಅಷ್ಟು ನೆನಪಾದದ್ದೇ ತಡ, ಹುಕ್ಕು ಮರೆತೇ ಹೋಯಿತು.

ಆಗ ನಾವಿದ್ದದ್ದು ನಗರಗೆರೆಯಿಂದಲೂ ಆಚೆ, ಆಂಧ್ರದ ಗಡಿಗೆ ಹತ್ತಿರದ ಒಂದು ಊರಿನಲ್ಲಿ. ನಮ್ಮನೆಯವರು ಅಲ್ಲಿನ ಹೈಸ್ಕೂಲಿನಲ್ಲಿ ಗುಮಾಸ್ತರು. ನಮ್ಮ ಬೀದಿಯ ಕೊನೆಗೆ ಅಂಗನವಾಡಿ. ಟೀಚರಮ್ಮ ಎಂದರೆ ಅಲ್ಲಿನ ಟೀಚರು. ಹೈಸ್ಕೂಲಿನಲ್ಲಿ ಪಾಠ ಹೇಳುವವರನ್ನೆಲ್ಲ ಊರು ಮೇಡಮ್ಮು, ಮೇಷ್ಟ್ರು ಎನ್ನುತ್ತಿತ್ತು. ಟೀಚರಮ್ಮ ಎಂದರೆ ಅವರೊಬ್ಬರೇ. ನಿವೃತ್ತಿಗೆ ಹತ್ತಿರವಾಗಿದ್ದ ಗಿಡ್ಡ ಹೆಂಗಸು. ಚಿಂತೆಯಾದಾಗ ಎಡಗೈಯ ಗಾಜಿನ ಬಳೆಗಳನ್ನು ಒಂದೊಂದಾಗಿ ಮೇಲಕ್ಕೆ ದೂಡಿ, ಮತ್ತೆ ಒಂದೊಂದಾಗಿ ಇಳಿಬಿಡುವುದು ಅವರ ಅಭ್ಯಾಸ. ನಾನು ಕಂಡಷ್ಟು ದಿನವೂ ಆ ಬಳೆಗಳು ಸುಮ್ಮನಿದ್ದದ್ದು ಕಡಿಮೆ.

ಕೊರೊನಾ ಎಂದು ಅಂಗನವಾಡಿಗಳ ಬಾಗಿಲು ಹಾಕಿದ್ದ ಕಾಲ ಅದು. ಅದಕ್ಕೆ ಮುಂಚೆಯಾದರೆ ಮಕ್ಕಳು ಬರುತ್ತಿದ್ದವು, ಟೀಚರಮ್ಮನ ಕಣ್ಣೆದುರೇ ಉಣ್ಣುತ್ತಿದ್ದವು. ಬೇಯಿಸಿದ ಮೊಟ್ಟೆಯ ಸಿಪ್ಪೆಯನ್ನು ಅವರೇ ಬಿಡಿಸಿ, ಬಾಯಿಗಿಟ್ಟು, ನುಂಗುವವರೆಗೂ ನಿಂತು ನೋಡುತ್ತಿದ್ದರು. ಈಗ ಹಾಲಿನ ಪುಡಿ, ಬೇಳೆ, ಬೆಲ್ಲ, ಹಸಿ ಮೊಟ್ಟೆ ಎಲ್ಲವನ್ನೂ ಮನೆಮನೆಗೆ ಹೊತ್ತು ಕೊಟ್ಟು ಬರಬೇಕಾಗಿತ್ತು. ಕೊಟ್ಟದ್ದು ಮಗುವಿನ ಬಾಯಿಗೆ ಹೋಯಿತೋ, ದೊಡ್ಡವರ ತಟ್ಟೆಗೆ ಹೋಯಿತೋ... ಅದೇ ಅವರ ಸಂಕಟ.

ಒಂದು ಬೆಳಿಗ್ಗೆ ನಮ್ಮ ಗೇಟಿನ ಹತ್ತಿರ ನಿಂತು, ಮಾಸ್ಕನ್ನು ಗಲ್ಲಕ್ಕೆ ಇಳಿಸಿ ಕೂಗಿದರು. ಕೈಯಲ್ಲಿ ಹರಿದ ಜೋಲಿಯೊಂದಿತ್ತು. ಮಕ್ಕಳನ್ನು ಕೂರಿಸಿ, ತಕ್ಕಡಿಯ ಕೊಂಡಿಗೆ ನೇತುಹಾಕಿ ತೂಗುವ ಜೋಲಿ. ಎರಡು ಕಾಲು ತೂರಿಸುವ ಚಡ್ಡಿಯ ಹಾಗೆ ಇರುತ್ತದೆ.

"ನೀವು ಕಾನ್ವೆಂಟಲ್ಲಿ ಓದಿದೋರಂತಲ್ಲಮ್ಮ, ಹೊಲಿಗೇನೂ ಕಲ್ಸವ್ರಂತೆ. ಇದೊಂದು ಹೊಲ್ಕೊಡಿ. ಮಗು ಕೂತಾಗ ಕಿತ್ತೋದ್ರೆ ನನ್ನ ಕಥೆ ಮುಗೀತು."

ಅದನ್ನು ಹೊಲಿಯುವ ಹಾಗಿರಲಿಲ್ಲ, ಬಟ್ಟೆಯೇ ಪಿಸಿದು ಹೋಗಿತ್ತು. ನಡುಮನೆಯ ಪರದೆ ಬಿಚ್ಚಿ ಹೊಸದನ್ನೇ ಮಾಡಿದೆ. ಚಿಕ್ಕಬಳ್ಳಾಪುರದ ನಮ್ಮ ಕಾನ್ವೆಂಟಿನಲ್ಲಿ ಹೊಲಿಗೆ ಸೊಟ್ಟಗಾದರೆ ಸಿಸ್ಟರು ಬ್ಲೇಡಿನಿಂದ ಬಿಚ್ಚಿ ಮತ್ತೆ ಹೊಲಿಸುತ್ತಿದ್ದರು. ಆ ಭಯ ಇನ್ನೂ ಬೆರಳಲ್ಲಿತ್ತೋ ಏನೋ, ಒಂದೊಂದು ಅಂಚಿಗೂ ಎರಡು ಸಾಲು ಹಾಕಿದೆ. ಟೀಚರಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ಜಗ್ಗಿ ನೋಡಿದರು.

"ಬನ್ನಿ ನೀವೂ. ನಿಮ್ಮ ಹೊಲಿಗೇನ ನೀವೇ ಪರೀಕ್ಷೆ ಮಾಡಿದಂಗಾಗ್ತದೆ" ಎಂದರು.

ಹೀಗೆ ಅವರ ಹಿಂದೆ ಊರಾಚೆಯ ಬಂಡೆಯ ಪಕ್ಕದ ಕೇರಿಗೆ ಮೊದಲ ಸಲ ಹೋದೆ. ಕೊನೆಯ ಮನೆಯಲ್ಲಿ ಒಬ್ಬ ಅಜ್ಜಿ, ಎರಡೂವರೆ ವರ್ಷದ ಹೆಣ್ಣು ಮೊಮ್ಮಗು. ಮಗುವಿನ ತಾಯಿ ಗೌರಿಬಿದನೂರಿಗೆ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಬೆಳಗಾಗುವ ಮುಂಚೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮಗು ಹೊಸ್ತಿಲಿಗೆ ಒರಗಿ ಕೂತಿತ್ತು. ಕಾಲಿಗೆ ಬೆಳ್ಳಿಯ ಗೆಜ್ಜೆ. ಪಾದದಿಂದ ಜಾರಿ ಹೋಗದಂತೆ ಅದನ್ನು ಕಪ್ಪು ದಾರದಿಂದ ಕಟ್ಟಿದ್ದರು. ಉಡಿದಾರವನ್ನೂ ಸಡಿಲವಾಯಿತೆಂದು ಹಿಂದಕ್ಕೆಳೆದು ಮತ್ತೊಂದು ಗಂಟು ಹಾಕಿದ್ದರು. ನೊಣ ತುಟಿಯ ಮೇಲೆ ಕೂತರೂ ಮಗು ಕೈ ಎತ್ತಲಿಲ್ಲ. ಅದು ಅಳುತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

"ಏಮ್ ಟೀಚರಮ್ಮ, ಮತ್ತೆ ತಂದ್ಯಾ ತಕ್ಕಡೀನ? ತೂಗಕ್ಕೆ ನನ್ ಮೊಮ್ಮಗಳೇನು ಹುಣಸೆಹಣ್ಣಾ? ದಿಟ್ಟಿ ಆಗ್ತದೆ" ಎಂದರು ಅಜ್ಜಿ.

"ಹುಣಸೆಹಣ್ಣಾಗಿದ್ರೆ ನಾನ್ಯಾಕವ್ವ ಬರ್ತಿದ್ದೆ, ವ್ಯಾಪಾರದೋನು ಬರ್ತಿದ್ದ. ಕೊಡಿ ಈ ಕಡೆ."

ಮಗುವನ್ನು ನನ್ನ ಜೋಲಿಯಲ್ಲಿ ಕೂರಿಸಿದರು. ಹೊಲಿಗೆಯ ಪರೀಕ್ಷೆಯೇ ಆಗಲಿಲ್ಲ. ಬಟ್ಟೆ ಬಿಗಿಯಾಗಲೂ ಇಲ್ಲ, ಮಗು ಅಷ್ಟು ಹಗುರ. ಆಮೇಲೆ ಟೀಚರಮ್ಮ ಸಂಚಿಯಿಂದ ಹಸಿರು, ಹಳದಿ, ಕೆಂಪು ಬಣ್ಣದ, ರಟ್ಟೆಯ ದಪ್ಪ ಅಳೆಯುವ ಪಟ್ಟಿ ತೆಗೆದು ಮಗುವಿನ ರಟ್ಟೆಗೆ ಸುತ್ತಿದರು. ಪಟ್ಟಿ ಸರಿಯುತ್ತಾ ಸರಿಯುತ್ತಾ ಕೆಂಪಿಗೆ ಬಂದು ನಿಂತಿತು.

"ಹೋದ ತಿಂಗಳು ಹಳದೀಲಿತ್ತು..." ಎಂದರು. ನನಗೆ ಹೇಳಿದ್ದಲ್ಲ, ಅಜ್ಜಿಗೂ ಅಲ್ಲ. ಬಳೆಗಳು ಮೇಲಕ್ಕೆ ಹೋದವು.

"ಮೊಟ್ಟೆ ತಿನ್ನಿಸ್ತಿದ್ದೀರೇನವ್ವ?"

"ಬಾ, ತೋರಿಸ್ತೀನಿ" ಎಂದು ಅಜ್ಜಿ ಒಳಗೆ ಕರೆದುಕೊಂಡು ಹೋದರು. ರಾಗಿ ಮೂಟೆಯ ಹಿಂದೆ ಒಂದು ಮಂಕರಿ. ಮಂಕರಿಯಲ್ಲಿ ಕೆಂದುಗರಿಯ ಹೇಂಟೆಯೊಂದು ಕಾವಿಗೆ ಕೂತಿತ್ತು. ಅಜ್ಜಿ ಅದರ ಹೊಟ್ಟೆಯಡಿ ಕೈ ತೂರಿಸಿ ಒಂದು ಮೊಟ್ಟೆ ಈಚೆ ತೆಗೆದರು. ಬೆಳ್ಳಗಿನ ಮೊಟ್ಟೆ. ಟೀಚರಮ್ಮ ತಲೆಯ ಮೇಲೆ ಹೊತ್ತು ತಂದು ಕೊಟ್ಟದ್ದೇ.

"ನೀನು ಕೊಟ್ಟಿದ್ದು ಒಂದೂ ಹಾಳ್ಮಾಡಿಲ್ಲ ಕಣಮ್ಮ. ತಿನ್ಸಿದ್ರೆ ಒಂದು ಹೊತ್ತಿಗಾಯ್ತು. ಮರಿ ಮಾಡಿದ್ರೆ? ವರ್ಷವೆಲ್ಲಾ ಈ ಮಗು ತನ್ನ ಕೋಳಿ ಮೊಟ್ಟೆ ತಾನೇ ತಿಂತೈತೆ."

ಹೇಳುವಾಗ ಅವರ ಮುಖದಲ್ಲಿ ಎಂಥ ಹೆಮ್ಮೆ! ಮೊಮ್ಮಗಳಿಗೆ ಆಸ್ತಿ ಮಾಡಿಟ್ಟ ಹಾಗೆ. ಟೀಚರಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ಅವ್ವಾ, ಇವು ಫಾರಂ ಮೊಟ್ಟೆ. ಎಷ್ಟು ಕಾವು ಕೊಟ್ರೂ ಮರಿಯಾಗಲ್ಲ. ಆ ಕೋಳಿಗಳು ಉಂಜನ್ನ ಕಣ್ಣಲ್ಲಿ ಕಂಡಿರಲ್ಲ."

ಅಜ್ಜಿ ನನ್ನ ಕಡೆ ತಿರುಗಿದರು. "ಕೇಳಿದೇನಮ್ಮ? ಉಂಜಾನೇ ಕಾಣ್ದೆ ಕೋಳಿ ಮೊಟ್ಟೆ ಇಡ್ತದಂತೆ! ಸರ್ಕಾರದೋರು ಹೇಳಿದ್ರೆ ಅದನ್ನೂ ನಂಬ್ಬೇಕು."

ಟೀಚರಮ್ಮನಿಗೆ ನಗು ಬಂತು, ಮರುಗಳಿಗೆ ಕಣ್ಣೂ ತುಂಬಿತು. ಮಗುವನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಲೇಬೇಕು, ಅಲ್ಲಿ ಇಂಥ ಮಕ್ಕಳಿಗೇ ಒಂದು ವಾರ್ಡಿದೆ, ಎರಡು ವಾರ ಇಟ್ಟುಕೊಂಡು ಹೊತ್ತುಹೊತ್ತಿಗೆ ಕೊಟ್ಟು ಮೇಲೆತ್ತುತ್ತಾರೆ, ಜೊತೆಗೆ ಮನೆಯವರೊಬ್ಬರು ಇರಬೇಕು ಎಂದು ಬಿಡಿಸಿ ಹೇಳಿದರು. ತಾಯಿ ಬರುವ ಹಾಗಿರಲಿಲ್ಲ. ಲಾಕ್‌ಡೌನ್ ಮುಗಿದು ಕೆಲಸ ಈಗ ತಾನೇ ಮತ್ತೆ ಶುರುವಾಗಿತ್ತು. ರಜೆ ಹಾಕಿದವರ ಜಾಗಕ್ಕೆ ಕಾಯುವವರ ಸಾಲೇ ಇತ್ತು. ಉಳಿದದ್ದು ಅಜ್ಜಿ. ಅಜ್ಜಿಯದು ಒಂದೇ ಮಾತು. "ಕಾವಿಗೆ ಕೂತಿರೋ ಕೋಳಿ ಬಿಟ್ಟು ನಾನು ಎಲ್ಲಿಗೂ ಬರಲ್ಲ. ಮರಿಯಾಗ್ಲಿ, ಆಮೇಲೆ ನೋಡಣ."

ವಾಪಸು ಬರುವಾಗ ಟೀಚರಮ್ಮ ಬಿರಬಿರನೆ ನಡೆದರು. ನಮ್ಮ ಗೇಟು ಬಂದಾಗ ನಿಂತು, "ಕೆಂಪು ಬಂದ ಮಕ್ಳು ನೆಗಡಿ ಬಂದ್ರೂ ಉಳಿಯೋದು ಕಷ್ಟ ಅಮ್ಮ. ಮರಿಯಾಗೋ ತನಕ ಅಂದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು.

ಮಾರನೆಯ ದಿನ ಹೋದರು. ಅದರ ಮಾರನೆಯ ದಿನವೂ ಹೋದರು. ಅಷ್ಟರಲ್ಲಿ ಮಗುವಿಗೆ ಭೇದಿ ಹತ್ತಿತು. ನಾನು ಒಲೆಯ ಮುಂದೆ ನಿಂತರೂ, ದೇವರ ಮುಂದೆ ಕೂತರೂ ದಾರ ಕಟ್ಟಿದ ಆ ಗೆಜ್ಜೆಯೇ ಕಣ್ಣಿಗೆ ಕಟ್ಟುತ್ತಿತ್ತು. ತಡೆಯಲಾರದೆ ನಾನೂ ಅವರ ಜೊತೆ ಮತ್ತೆ ಹೋದೆ. ಅಜ್ಜಿ ಆವತ್ತು ಜಗಳವಾಡಲಿಲ್ಲ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಬೆನ್ನು ಸವರುತ್ತಾ ಕೂತಿದ್ದರು. ಆಮೇಲೆ ಗಲ್ಲದಿಂದಲೇ ನನ್ನನ್ನು ತೋರಿಸಿದರು.

"ಕೋಳೀನ ಇವಮ್ಮ ಇಟ್ಕೊಳ್ಳೋದಾದ್ರೆ ಬರ್ತೀನಿ."

"ನಾನಾ?"

"ಮತ್ತಿನ್ಯಾರು? ಈ ಕೇರೀಲಿ ಯಾರ ಹತ್ರ ಬಿಟ್ರೂ ನಾನು ಬರೋ ಹೊತ್ಗೆ ಸಾರಾಗಿರ್ತದೆ. ಈ ಟೀಚರಮ್ಮನ ಗಂಡನ್ನೂ ನಾನು ನಂಬಲ್ಲ. ನಿಮ್ಮನೇಲಾದ್ರೆ ತಿನ್ನೋರಿಲ್ಲ."

ಟೀಚರಮ್ಮ ನನ್ನ ಮುಖ ನೋಡಿದರು. ಬಳೆಗಳು ಅರ್ಧ ದಾರಿಯಲ್ಲೇ ನಿಂತಿದ್ದವು.

ನಮ್ಮದು ಅಮಾವಾಸ್ಯೆ, ಏಕಾದಶಿ ಎಂದು ಈರುಳ್ಳಿಗೂ ದಿನ ನೋಡುವ ಮನೆ. ಮೊಟ್ಟೆಯ ಮಾತೂ ಒಳಗೆ ಬರುತ್ತಿರಲಿಲ್ಲ. ಅತ್ತೆಗೆ ಹೇಗೆ ಹೇಳುವುದೆಂದು ಬಾಗಿಲಿಂದ ಅಡುಗೆಮನೆಗೂ, ಅಡುಗೆಮನೆಯಿಂದ ಬಾಗಿಲಿಗೂ ಓಡಾಡಿದೆ. ಕೊನೆಗೆ ಹೇಳಿಯೇ ಬಿಟ್ಟೆ.

"ಕೋಳೀನಾ? ನಮ್ಮನೇಗಾ?" ಅತ್ತೆ ಸೋಸುತ್ತಿದ್ದ ಸೊಪ್ಪು ಕೆಳಗಿಟ್ಟರು. ನಾನು ಗೆಜ್ಜೆಯ ವಿಷಯ ಹೇಳಿದೆ. ಅವರು ಸೊಪ್ಪನ್ನು ಮತ್ತೆ ಕೈಗೆತ್ತಿಕೊಂಡು ದಂಟು ಮುರಿಯುತ್ತಾ ಹೋದರು. ಕಟ್ಟು ಮುಗಿದ ಮೇಲೆ, "ಹಿತ್ತಲಲ್ಲಿ ಸೌದೆ ಕೊಟ್ಟಿಗೆ ಇದ್ಯಲ್ಲ, ಅಲ್ಲಿರ್ಲಿ. ತುಳಸಿ ಕಟ್ಟೆ ಹತ್ರ ಬಂದ್ರೆ ಮಾತ್ರ ನಾನು ಸುಮ್ನಿರಲ್ಲ ಕಣೇ" ಎಂದರು.

ಆ ಸಂಜೆ ಟೀಚರಮ್ಮ, ಅಜ್ಜಿ ಇಬ್ಬರೂ ಸೇರಿ ಮಂಕರಿಯ ಮೇಲೆ ಸೀರೆ ಮುಚ್ಚಿ ಕೋಳಿಯನ್ನು ತಂದರು. ಟೀಚರಮ್ಮ ತಮ್ಮ ಮನೆಯ ನಾಟಿ ಮೊಟ್ಟೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು. "ಇವು ಮರಿಯಾಗ್ತವೆ, ನಮ್ಮನೇಲಿ ಉಂಜ ಐತೆ. ಆ ಬಿಳೀವು ತೆಗ್ದುಬಿಡಣ" ಎಂದರು.

"ಯಾಕೆ ತೆಗೀಬೇಕು? ನನ್ನವೂ ಇರ್ಲಿ. ಯಾರದ್ದು ಮರಿಯಾಗ್ತದೆ ನೋಡೇಬಿಡಣ" ಎಂದು ಅಜ್ಜಿ ಎರಡನ್ನೂ ಬೆರೆಸಿ ಕೋಳಿಯಡಿ ಇಟ್ಟರು. ಗುಡುಗಿಗೆ ಮೊಟ್ಟೆ ಕೆಡಬಾರದು, ದಿಟ್ಟಿ ತಾಗಬಾರದು ಎಂದು ಮಂಕರಿಗೆ ಒಂದು ಮೊಳೆ, ಎರಡು ಒಣಮೆಣಸಿನಕಾಯಿ ಸಿಕ್ಕಿಸಿದರು. ಬೆಳಿಗ್ಗೆ ಮೊದಲ ಬಸ್ಸಿಗೆ ಮಗುವನ್ನೆತ್ತಿಕೊಂಡು ಟೀಚರಮ್ಮನ ಜೊತೆ ಹೊರಟರು. ವಾರ್ಡಿಗೆ ಸೇರಿಸಿ ಟೀಚರಮ್ಮ ಸಂಜೆಗೆ ವಾಪಸು ಬಂದರು, ಅವರ ಫೋನು ಮಾತ್ರ ಅಂದಿನಿಂದ ಕೈ ಬಿಟ್ಟು ಇಳಿಯಲಿಲ್ಲ.

ಅಜ್ಜಿ ದಿನಾ ಮಧ್ಯಾಹ್ನ ಫೋನು ಮಾಡುತ್ತಿದ್ದರು. ಟೀಚರಮ್ಮ ನಮ್ಮ ಹಿತ್ತಲಲ್ಲೇ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ನನಗೂ ಕೇಳುವ ಹಾಗೆ ಸ್ಪೀಕರ್ ಹಾಕುತ್ತಿದ್ದರು.

"ಮಗು ಹೆಂಗೈತವ್ವ?"

"ಐತೆ. ಕೋಳಿ ಹೆಂಗೈತೆ?"

"ಕೂತೈತೆ. ಹಾಲು ಕುಡೀತಾ ಮಗು?"

"ಕುಡೀತದೆ, ಕಕ್ತದೆ. ಅದ್ಕೇನು ಕಾಳು ಹಾಕಿದ್ರಾ ಇವತ್ತು? ಆವಮ್ಮನಿಗೆ ಹೇಳು, ಅನ್ನ ಸಾರು ಹಾಕ್ಬಿಟ್ಟಾರು!"

ಕೇಳಲು ತಮಾಷೆಯಾಗಿದ್ದರೂ ನಗಲು ನಮಗೆ ಧೈರ್ಯ ಬರುತ್ತಿರಲಿಲ್ಲ. ಏಕೆಂದರೆ ಪ್ರತಿ ಸಲವೂ ಅಜ್ಜಿ ಕೊನೆಗೆ ಹೇಳುತ್ತಿದ್ದದ್ದು ಒಂದೇ. "ನೋಡು ಟೀಚರಮ್ಮ, ಕೋಳಿ ಎದ್ದೋಯ್ತು ಅಂತ ಗೊತ್ತಾದ್ರೆ ಆವತ್ತೇ ಮಗೂನ ಎತ್ಕೊಂಡು ಬಂದ್ಬಿಡ್ತೀನಿ. ಇಲ್ಲಿ ಬರೀ ಸೂಜಿ, ಹಾಲು. ನಂಗೆ ಸಾಕಾಗೈತೆ." ಆ ಮಗು ಆಸ್ಪತ್ರೆಯಲ್ಲಿ ಉಳಿಯುವುದು ನಮ್ಮ ಸೌದೆ ಕೊಟ್ಟಿಗೆಯ ಕೋಳಿ ಮೇಲೇಳದೆ ಕೂತಿರುವುದರ ಮೇಲೆ ನಿಂತಿತ್ತು. ಹಾಗಾಗಿ ನಾನು ಹಾಲು ಉಕ್ಕುವುದನ್ನು ಬಿಟ್ಟು ಹಿತ್ತಲಿಗೆ ಓಡುತ್ತಿದ್ದೆ. ಕಾಳು ತಿನ್ನಲು ಕೋಳಿ ಎದ್ದರೆ ಅದು ಮತ್ತೆ ಹೋಗಿ ಕೂರುವವರೆಗೂ ಅಲ್ಲೇ ನಿಲ್ಲುತ್ತಿದ್ದೆ. ಅದರ ಒಂದು ಕಣ್ಣು ಯಾವಾಗಲೂ ನನ್ನ ಮೇಲೇ. ನನ್ನ ಹಾಗೆಯೇ ಅದಕ್ಕೂ ಯಾರ ಮೇಲೂ ನಂಬಿಕೆ ಇದ್ದಂತಿರಲಿಲ್ಲ.

ನಡುವೆ ಮಗುವಿಗೆ ಜ್ವರ ಬಂತು. ಆ ದಿನಗಳಲ್ಲಿ ಟೀಚರಮ್ಮ ಹೊತ್ತುಗೊತ್ತಿಲ್ಲದೆ ಬರುತ್ತಿದ್ದರು. ಬಂದು ಕಲ್ಲಿನ ಮೇಲೆ ಕೂರುವರು, ಬಳೆ ದೂಡುವರು, ಎದ್ದು ಹೋಗುವರು. ಒಂದು ಸಲ ಮಾತ್ರ, "ಹಿಂದೆ ಒಂದು ಮಗು ಹಿಂಗೇ... ಕಳ್ಸಕ್ಕೆ ಒಪ್ಪಿಸೋ ಹೊತ್ಗೆ ತಡವಾಗೋಯ್ತು" ಎಂದರು.

ಆಮೇಲೊಂದು ಮಧ್ಯಾಹ್ನ ಹಿತ್ತಲಲ್ಲಿ ಠಪ್ ಎಂದು ಸದ್ದಾಯಿತು. ಸದ್ದಿನ ಹಿಂದೆಯೇ ವಾಸನೆ. ಅಂಥ ವಾಸನೆಯನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಊಟಕ್ಕೆ ಕೂತಿದ್ದ ಅತ್ತೆ ಎಲೆ ಬಿಟ್ಟು ಎದ್ದರು. ಅಜ್ಜಿಯ ಬಿಳಿ ಮೊಟ್ಟೆಯೊಂದು ಕೊಳೆತು ಒಡೆದಿತ್ತು. ಕೋಳಿ ಮಂಕರಿಯಿಂದ ಹಾರಿ ಕಾಂಪೌಂಡಿನ ಮೇಲೆ ಕೂತು ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ನಾನು ಓಡಿ ಹೋಗಿ ಟೀಚರಮ್ಮನನ್ನು ಕರೆತಂದೆ. ಇಬ್ಬರೂ ಬಾ ಬಾ ಎಂದು ಕಾಳು ತೋರಿಸಿದರೂ ಅದು ಇಳಿಯಲೊಲ್ಲದು. ನಾಟಿ ಮೊಟ್ಟೆಗಳು ಗಾಳಿಗೆ ತಣ್ಣಗಾಗುತ್ತಿದ್ದವು.

ಅದೇ ಹೊತ್ತಿಗೆ ಫೋನು ಬಂತು. ಅಜ್ಜಿಯದು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಿಂದೆ ಕೋಳಿಯ ಕೂಗು ನಿಂತಿರಲಿಲ್ಲ. ಸುಳ್ಳು ಹೇಳುವ ಹಾಗೂ ಇರಲಿಲ್ಲ. ಟೀಚರಮ್ಮ ಫೋನು ಎತ್ತಿದರು. ಬಾಯಿ ತೆರೆಯುವ ಮುಂಚೆಯೇ ಅಜ್ಜಿಯ ಗಂಟಲು.

"ಟೀಚರಮ್ಮ! ಬಟ್ಲು ಕಿತ್ಕೊಂತು ಕಣಮ್ಮ ನನ್ ಕೈಲಿ! ಇನ್ನಾ ಇನ್ನಾ ಅಂತು. ನಾನು ಸಾಕು ಅಂದ್ರೆ ಹೊಡೆಯಕ್ಕೆ ಬತ್ತು ನಂಗೆ, ಲೌಡಿ! ನರ್ಸಮ್ಮ ನಗ್ತವ್ಳೆ. ಅಯ್ಯೋ ತಡಿ ತಡಿ, ಚೆಲ್ತು ನೋಡು..." ಫೋನು ಕಟ್ಟಾಯಿತು.

ಕೋಳಿಯ ಮಾತೇ ಎತ್ತಿರಲಿಲ್ಲ.

ಟೀಚರಮ್ಮ ಫೋನನ್ನು ಎದೆಗೊತ್ತಿಕೊಂಡು ಬಟ್ಟೆ ಕಲ್ಲಿನ ಮೇಲೆ ಕುಸಿದರು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ. ಅಷ್ಟರಲ್ಲಿ ನೋಡುತ್ತೇನೆ, ನಮ್ಮ ಅತ್ತೆ ಮೂಗಿಗೆ ಸೆರಗು ಕಟ್ಟಿಕೊಂಡು ಮಂಕರಿಯ ಮುಂದೆ ಕೂತಿದ್ದಾರೆ! ಕೊಳಕು ಹುಲ್ಲನ್ನು ಕಡ್ಡಿಯಿಂದ ಎಳೆದು ಹಾಕಿ, ಹಸುವಿಗೆಂದು ಇಟ್ಟಿದ್ದ ಹೊಸ ಹುಲ್ಲು ಹಾಸಿ, ಉಳಿದ ಮೊಟ್ಟೆಗಳನ್ನು ಒಂದೊಂದಾಗಿ, ಸಾಲಿಗ್ರಾಮ ಎತ್ತಿಡುವಂತೆ ಎತ್ತಿಟ್ಟರು. "ನಿಂತ್ಕೊಂಡು ಏನ್ ನೋಡ್ತೀಯೇ, ಸ್ನಾನಕ್ಕೆ ನೀರು ಕಾಯ್ಸು" ಎಂದರು ನನಗೆ. ಸ್ವಲ್ಪ ಹೊತ್ತಿಗೆ ಕೋಳಿ ತಾನೇ ಇಳಿದು ಬಂದು ಕೂತಿತು.

ಅಜ್ಜಿ ಮಗುವನ್ನು ಎತ್ತಿಕೊಂಡು ವಾಪಸು ಬಂದ ಕೆಲವು ದಿನಕ್ಕೆ ಮರಿಗಳು ಈಚೆ ಬಂದವು. ಎಲ್ಲವೂ ನಾಟಿ ಮೊಟ್ಟೆಯವೇ. ಅಜ್ಜಿ ಸೋತೆ ಎನ್ನಲಿಲ್ಲ. "ಇವರ ಮನೆ ಇಂಗಿನ ಒಗ್ಗರಣೆ ಘಾಟಿಗೆ ನನ್ ಮೊಟ್ಟೆ ಸತ್ತೋದ್ವು, ಇಲ್ಲಾಂದ್ರೆ ಆಗ್ತಿದ್ವು" ಎಂದರು. ಆದರೆ ಅವತ್ತಿನಿಂದ ಅಂಗನವಾಡಿಯ ಮೊಟ್ಟೆ ಬಂದ ದಿನವೇ ಬೇಯಿಸಿ, ಬಾಗಿಲಲ್ಲಿ ಕೂತು, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ ಮಗುವಿಗೆ ತಿನ್ನಿಸುತ್ತಿದ್ದರು.

ಟೀಚರಮ್ಮನ ಚಿಂತೆ ಅಲ್ಲಿಗೆ ಮುಗಿಯಲಿಲ್ಲ. ಆಸ್ಪತ್ರೆಗೆ ಹೋಗಿ ಬಂದ ಮಕ್ಕಳ ತೂಕ ಮತ್ತೆ ಇಳಿದುಬಿಡುವುದುಂಟು ಎನ್ನುತ್ತಿದ್ದರು. ಪಟ್ಟಿ ಹಳದಿಗೆ ಬಂದಿತ್ತು. ಅಲ್ಲೇ ಬಹಳ ದಿನ ನಿಂತುಬಿಟ್ಟಿತು. ಅದು ಹಸಿರಿಗೆ ಹೋಗುವುದನ್ನು ನೋಡುವ ಮೊದಲೇ ಅವರ ನಿವೃತ್ತಿ ಬಂತು. ಒಂದು ಶಾಲು, ಒಂದು ಹಾರ, ನಾಲ್ಕು ಮಾತು. ಮಗಳ ಮನೆಗೆಂದು ಚಿಂತಾಮಣಿ ಕಡೆಗೆ ಹೊರಟ ದಿನ ನಮ್ಮ ಗೇಟಿಗೆ ಬಂದಿದ್ದರು. ವಿದಾಯದ ಮಾತೇನೂ ಆಡಲಿಲ್ಲ. "ಆ ಕಡೆ ಹೋದ್ರೆ ಸ್ವಲ್ಪ ನೋಡ್ತಿರಿ ಅಮ್ಮ. ಮಳೆಗಾಲ ಬರ್ತಾ ಐತೆ" ಎಂದರು ಅಷ್ಟೆ. ನಮಗೂ ಆಮೇಲೆ ಗೌರಿಬಿದನೂರಿಗೆ ವರ್ಗವಾಯಿತು. ಮೊದಮೊದಲು ಹಬ್ಬಕ್ಕೆ ಫೋನು ಮಾಡುತ್ತಿದ್ದರು. "ಆ ಮಗು ಸಮಾಚಾರ ಏನಾದ್ರೂ...?" ಎಂದೇ ಶುರು. ಬರಬರುತ್ತಾ ಅದೂ ನಿಂತಿತು...

ಮೊನ್ನೆ ಸೋಮವಾರ ಗೌರಿಬಿದನೂರು ಬಸ್ ಸ್ಟ್ಯಾಂಡಿನಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದೆ. "ಏಮಮ್ಮಾ, ಕೋಳಿಯಮ್ಮ!" ಎಂದು ಯಾರೋ ಕೂಗಿದರು. ಅಜ್ಜಿ. ಬೆನ್ನು ಬಾಗಿತ್ತು, ಗಂಟಲು ಮಾತ್ರ ಹಾಗೇ ಇತ್ತು. ಪಕ್ಕದಲ್ಲಿ ಯೂನಿಫಾರಂ ಹಾಕಿದ ಹುಡುಗಿ. ಎಣ್ಣೆ ಹಚ್ಚಿದ ಎರಡು ಜಡೆ, ಮೊಣಕಾಲಿಗೆ ಬಿದ್ದು ಕೆತ್ತಿಕೊಂಡ ಗಾಯ, ಬಾಯಿ ತುಂಬಾ ಬೋಂಡ. ಮೊದಲು ಅವಳ ಕಣಕಾಲು ನೋಡಿದೆ, ಆಮೇಲೆ ರಟ್ಟೆ.

"ಟೀಚರಮ್ಮ ಹೋಗ್ಬಿಟ್ರಂತಲ್ಲಮ್ಮ" ಎಂದರು ಅಜ್ಜಿ. "ಹೋದ ಚಳಿಗಾಲದಲ್ಲೇ ಅಂತೆ. ಎದೆ ನೋವು ಅಂದ್ರಂತೆ, ಆಸ್ಪತ್ರೆಗೆ ಹೋಗೋ ಗಂಟ ಇರ್ಲಿಲ್ಲಂತೆ. ನಮಗೂ ಈಗ ಗೊತ್ತಾಯ್ತು."

ಹೋದ ಚಳಿಗಾಲ. ಇಷ್ಟು ದಿನ ಅವರು ಚಿಂತಾಮಣಿಯಲ್ಲಿದ್ದಾರೆ ಎಂದುಕೊಂಡೇ ನಾನು ದಿನ ಕಳೆದಿದ್ದೆ.

"ಯಾವ ಟೀಚರವ್ವ?" ಹುಡುಗಿ ಬೋಂಡ ನುಂಗಿ ಕೇಳಿದಳು.

"ನಿನ್ನ ತೂಗ್ತಿದ್ರಲ್ಲೇ. ನಿನ್ ಹಿಂದೆ ಮುಂದೆ ಓಡಾಡ್ತಿದ್ರಲ್ಲ, ಬಳೆ ಸದ್ದು ಮಾಡ್ಕೊಂಡು."

ಹುಡುಗಿ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ಹುಬ್ಬು ಗಂಟಿಕ್ಕಿ. "ನಂಗೆ ಗೊತ್ತಿಲ್ಲ" ಎಂದಳು. ಹೇಗೆ ಗೊತ್ತಿರುತ್ತದೆ? ಎರಡೂವರೆ ವರ್ಷದ್ದು ಯಾರಿಗೆ ನೆನಪಿರುತ್ತದೆ? ಟೀಚರಮ್ಮ ಬದುಕಿಡೀ ಕೆಲಸ ಮಾಡಿದ್ದು ಆ ವಯಸ್ಸಿನ ಮಕ್ಕಳ ಜೊತೆಯೇ.

ಬಸ್ಸು ಬಂತು. ಜನ ಬಾಗಿಲಿಗೆ ಮುತ್ತಿದರು. ಹುಡುಗಿ ಎಲ್ಲರ ಮೊಣಕೈಯಡಿ ತೂರಿ ಹತ್ತಿ, ಬ್ಯಾಗನ್ನು ಒಂದು ಸೀಟಿನ ಮೇಲೆ ಎಸೆದು ಜಾಗ ಹಿಡಿದು, ತಿರುಗಿ ಬಾಗಿಲಿಗೆ ಬಂದಳು. ಮೆಟ್ಟಿಲು ಹತ್ತಲಾರದೆ ನಿಂತಿದ್ದ ಅಜ್ಜಿಯ ಎರಡೂ ಕೈ ಹಿಡಿದು, ಹಲ್ಲು ಕಚ್ಚಿ ಮೇಲಕ್ಕೆಳೆದುಕೊಂಡಳು. ಒಂದೇ ಎಳೆತ. "ಬಿಡೇ, ಕೈ ಕಿತ್ತೋಯ್ತು!" ಎಂದು ಅಜ್ಜಿ ಬೈಯುವುದು ಬಸ್ಸು ಹೊರಟ ಮೇಲೂ ಕೇಳುತ್ತಿತ್ತು.

ನನ್ನ ಕೈ ಆಗಲೇ ಚೀಲದಿಂದ ಫೋನು ತೆಗೆದಿತ್ತು. ಟೀಚರಮ್ಮನ ನಂಬರು ಪರದೆಯ ಮೇಲೆ ಬರುವವರೆಗೂ, ನಾನು ಏನು ಮಾಡುತ್ತಿದ್ದೇನೆಂದು ನನಗೇ ತಿಳಿಯಲಿಲ್ಲ.